ಹದಿನಾಲ್ಕು ಒಲೆಗಳ ಬೂದಿ

"ಇಲ್ಲಿ ಯಾರೂ ಇಲ್ಲ ಅಂತ ಬರೀಬೇಡ ಮಗಾ. ಬರೆದೋನು ಯಾರಿಗೂ ಇಲ್ಲದೋನಾಗ್ತಾನೆ," ಎಂದಳು ಓವಾ ಅಜ್ಜಿ.

ಗಣಿ ಕಂಪನಿಯ ಮೋಜಣಿದಾರ ಗ್ಯಾರಿಕ್ ನಕ್ಕ. "ನಿಮಗೆ ಪಂಚಾಯ್ತಿ ಇಲ್ಲ, ಮೇಯರ್ ಇಲ್ಲ, ಒಂದು ಬೋರ್ಡೂ ಇಲ್ಲ. ಇದನ್ನ ಊರು ಅಂದೋರ್ಯಾರು, ನಿಮ್ಮ ಕೋಳಿಗಳಾ?"

ಟ್ಯಾನ್ಸಿ ಫೋರ್ಕ್ ಎಂದರೆ ಕೆಂಟಕಿಯ ಎರಡು ಗುಡ್ಡಗಳ ನಡುವಿನ ತೊರೆ, ತೊರೆಗೆ ಅಂಟಿಕೊಂಡ ಹದಿನಾಲ್ಕು ಮನೆ, ಒಂದು ಚರ್ಚು, ದಿಬ್ಬದ ಮೇಲೆ ಗೋರಿಗಳು. ಅಲ್ಲಿ ಮಗಳು ಬೇರೆ ಮನೆ ಹೂಡಿದರೆ ತಾಯಿಯ ಒಲೆಯ ಕೆಂಡವನ್ನೇ ಬಕೆಟ್ಟಿನಲ್ಲಿ ಒಯ್ಯಬೇಕು. ಹದಿನಾಲ್ಕು ಒಲೆಗಳಲ್ಲೂ ಉರಿಯುವುದು ಒಂದೇ ಬೆಂಕಿ.

ಮೇಲಿನ ಗುಡ್ಡ ಒಡೆದು ಕಲ್ಲಿದ್ದಲು ತೊಳೆದ ಕೆಸರನ್ನು ತಡೆದಿಡುವ ಕಟ್ಟೆ ಹಾಕಲು ಕಂಪನಿಗೆ ಬೇಕಿದ್ದದ್ದು ಎರಡೇ ಪದ. ಗ್ಯಾರಿಕ್ ಜೀಪಿನ ಮೇಲೆ ನಕ್ಷೆ ಹರಡಿ ಬರೆದ: ಜನವಸತಿ ಇಲ್ಲ. ಸಹಿ ಹಾಕಿದ.

ಹದಿನಾಲ್ಕು ಮನೆಯ ಹೆಂಗಸರೂ ಒಬ್ಬೊಬ್ಬರಾಗಿ ಬಂದರು, ಮುಷ್ಟಿಯಲ್ಲಿ ತಂತಮ್ಮ ಒಲೆಯ ಬೂದಿ ಹಿಡಿದು. ಓವಾ ಅದನ್ನೆಲ್ಲ ಬೊಗಸೆಯೊಡ್ಡಿ ತೆಗೆದುಕೊಂಡು ಅವನ ಮುಖಕ್ಕೆ ಊದಿದಳು. ಸುಟ್ಟ ಕೊಬ್ಬಿನ ಕಮಟು ಮೂಗಿಗೆ ಅಡರಿತು.

"ಥೂ, ಹುಚ್ಚು ಮುದುಕಿ!"

"ಹೋಗಪ್ಪಾ, ಮನೆಗೆ ಹೋಗು. ಇದ್ರೆ."

ಮನೆ ಇತ್ತು. ಹೆಂಡತಿ ಲೋರ್ನಾ ಮೇಜಿನ ಮೇಲೆ ಎರಡೇ ತಟ್ಟೆ ಇಟ್ಟಿದ್ದಳು, ತನಗೊಂದು, ಮಗಳಿಗೊಂದು. ಅವನು ಕರೆದ. ಅವಳು ತಿರುಗಲಿಲ್ಲ. ಭುಜ ಹಿಡಿದು ಅಲುಗಿಸಿದ. "ಏನೋ ಸುಟ್ಟ ವಾಸನೆ," ಎಂದು ಅವಳು ಕಿಟಕಿ ತೆರೆದಳು. ಮಗಳು ಅವನ ಕುರ್ಚಿಯ ಮೇಲೆ ಶಾಲೆಯ ಚೀಲ ಒಗೆದಳು. ಕನ್ನಡಿ ನೋಡಿದ. ಗೋಡೆ. ಬರೀ ಗೋಡೆ. ಆಫೀಸಿಗೆ ಓಡಿದ. ಕಿರುಚಿದ. ಸಾಹೇಬರು ಅವನ ನಕ್ಷೆಗೆ ಮೊಹರು ಒತ್ತುತ್ತಿದ್ದರು. ತಲೆ ಎತ್ತಲೇ ಇಲ್ಲ.

ಹದಿನೈದನೆಯ ದಿನ ಟ್ಯಾನ್ಸಿ ಫೋರ್ಕಿಗೆ ಬಂದ. ಅವನ ಕಣ್ಣಲ್ಲಿ ಕಣ್ಣಿಟ್ಟವಳು ಓವಾ ಒಬ್ಬಳೇ.

"ಬಂದ್ಯಾ? ಕೋಳಿಗಳನ್ನ ಕೇಳೋಕಾ?"

"ದಮ್ಮಯ್ಯ ಅಜ್ಜೀ, ತಿದ್ತೀನಿ. ಹದಿನಾಲ್ಕು ಮನೇನೂ ಬರೀತೀನಿ. ಬಿಟ್ಬಿಡು."

"ಮೊದ್ಲು ಬರಿ."

ಕಾಗದ ಹರಡಿದ. ಬರೆದ. ಬಿಳಿ. ಒತ್ತಿ ಬರೆದ. ಬಿಳಿ. ಪೆನ್ನು ಓಡುತ್ತಿತ್ತು. ಗೆರೆ ಮೂಡುತ್ತಿರಲಿಲ್ಲ.

ಓವಾಳ ಮುಖದ ಸಿಟ್ಟು ಇಳಿದು ಹೋಯಿತು. "ಗಟ್ಟಿಯಾಗಿ ಬರಿಯೋ, ಪಾಪಿ!" ಅವನ ಕೈಯನ್ನು ತಾನೇ ಹಿಡಿದು ಎಳೆದಳು. ಏನೂ ಮೂಡಲಿಲ್ಲ. ಆ ಸಹಿ ಹಿಂತೆಗೆಯಬಲ್ಲವನು ಭೂಮಿಯ ಮೇಲೆ ಒಬ್ಬನೇ ಇದ್ದ. ಅವನನ್ನು ಇಲ್ಲವಾಗಿಸಿದ್ದು ಅವಳದೇ ಉಸಿರು. ಊದಿದ ಬೂದಿಯನ್ನು ಮರಳಿ ಕೂಡಿಸುವುದು ಅವಳಿಗೂ ಗೊತ್ತಿರಲಿಲ್ಲ.

ಗುಡ್ಡದ ಮೇಲೆ ಮೊದಲ ಸಿಡಿಮದ್ದು ಸಿಡಿಯಿತು.