ಎದುರು ಕಿಟಕಿಯ ಬಲಗೈ

ಹೊರಗಿನಿಂದ ಬೀಗ ಬಿತ್ತು. ಸೊಸೆಯ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ನಾನು ಕಿಟಕಿಯ ಹತ್ತಿರ ಬಂದು ನಿಂತೆ.

ಎದುರು ಕಟ್ಟಡದ ಕಿಟಕಿಯಲ್ಲಿ ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸೊಬ್ಬರು ಬಲಗೈಯನ್ನು ಮೆಲ್ಲಗೆ ಮೇಲೆತ್ತಿದರು. ಅಂಗೈಯನ್ನು ಗಾಜಿಗೆ ಒತ್ತಿ, ತಲೆಯನ್ನು ಒಂದಿಷ್ಟು ಓರೆ ಮಾಡಿ, ಹಾಗೇ ನಿಂತರು.

ನಾನು ಹಿಂತಿರುಗಿ ನೋಡಿದೆ. ಬೀಗ ಹಾಕಿದ ಮನೆಯಲ್ಲಿ ನನ್ನ ಹಿಂದೆ ಇನ್ಯಾರು ಇದ್ದಾರು? ಹಾಗಾದರೆ ನನಗೇ.

ನಾನೂ ಕೈ ಎತ್ತಿದೆ.

ಬೀಗದ ವಿಷಯ ಹೇಳಿಬಿಡುತ್ತೇನೆ. ಇಲ್ಲಿನ ಕಟ್ಟಡಗಳೆಲ್ಲ ಒಂದೇ ಅಚ್ಚಿನವು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದ ಹೊಸದರಲ್ಲಿ, ದಾರದ ಉಂಡೆ ತರಲು ಇಳಿದವನು ವಾಪಸ್ಸು ಬರುವಾಗ ಬೇರೆ ಕಟ್ಟಡ ಹತ್ತಿ, ಯಾರದೋ ಬಾಗಿಲಿಗೆ ನಮ್ಮ ಕೀಲಿ ಹಾಕಿ ತಿರುವುತ್ತಾ ನಿಂತುಬಿಟ್ಟೆ. ಒಳಗಿನವರು ಕಳ್ಳ ಕಳ್ಳ ಎಂದು ಕೂಗಿಕೊಂಡರು. ಸಂಜೆ ಮಗ ಬಂದು ಕರೆದುಕೊಂಡು ಹೋದ. ಮಾರನೆಯ ದಿನ, "ಅಪ್ಪ, ನಿಮ್ಮ ಒಳ್ಳೇದಕ್ಕೇ" ಎಂದು ಹೇಳಿ ಕೀಲಿ ಇಸಿದುಕೊಂಡ. ಅವತ್ತಿನಿಂದ ಹೊರಗಿನಿಂದ ಬೀಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಬೀಗ ಬೀಳುವ ಸದ್ದು ಹಗಲೆಲ್ಲ ನನ್ನ ಕಿವಿಯೊಳಗೇ ಇರುತ್ತದೆ.

ಟೈಲರ್ ಆಗಿದ್ದ ನನ್ನ ಹೊಲಿಗೆ ಮಷೀನನ್ನೂ ಮನೆಯವರು ಯಾರಿಗೋ ಕೊಟ್ಟುಬಿಟ್ಟಿದ್ದರು. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲುತ್ತಿರಲಿಲ್ಲ. ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಎದುರು ಕಿಟಕಿ ಎಷ್ಟು ಬೇಕೋ ಅಷ್ಟು ದೂರದಲ್ಲಿತ್ತು.

ದಿನಾ ಬೆಳಿಗ್ಗೆ ಅವರ ಕೈ ಮೇಲೇಳುತ್ತಿತ್ತು. ಬೆರಳುಗಳು ಗಾಜಿನ ಮೇಲೆ ಒಂದೊಂದಾಗಿ ನಡೆದು ಹೋಗುತ್ತಿದ್ದವು. ಎಷ್ಟು ನಾಜೂಕು ಅಂತೀರಿ! ಹೊಸ ರೇಷ್ಮೆಯ ಮೇಲೆ ಕೈಯಾಡಿಸಿದ ಹಾಗೆ. ನಾನು ದಿನಾ ಗಡ್ಡ ಬೋಳಿಸತೊಡಗಿದೆ. ಅಂಗಿಯ ಕಾಲರಿಗೆ ಇಸ್ತ್ರಿ ಹೊಡೆದೆ.

"ಏನಪ್ಪಾ, ಎಲ್ಲಿಗೆ ಸವಾರಿ?" ಎಂದ ಮಗ.

"ಇಲ್ಲೇ, ಅಡುಗೆಮನೆವರೆಗೆ."

ಸೊಸೆ ನಕ್ಕಳು. ಮಗ ನಗಲಿಲ್ಲ.

ಒಂದು ದಿನ ನೀಲಿ ಅಂಗಿ ಹಾಕಿಕೊಂಡೆ. ಮಾರನೆಯ ಬೆಳಿಗ್ಗೆ ಅವರು ನೀಲಿ ಬಟ್ಟೆಯಲ್ಲಿ ನಿಂತಿದ್ದರು. ಆ ದಿನ ನನಗೆ ಊಟ ಸೇರಲಿಲ್ಲ. ಈ ವಯಸ್ಸಿನಲ್ಲಿ ಹೀಗೂ ಆಗುತ್ತದೆಯೇ ಎಂದು ಕನ್ನಡಿಯನ್ನು ಕೇಳಿದೆ. ಬೀಗದ ಈಚೆಗೆ ನಾನೊಬ್ಬನೇ ಅಲ್ಲ, ಗಾಜಿನ ಆಚೆಗೆ ನನ್ನನ್ನು ಕಾಯುವವರು ಒಬ್ಬರಿದ್ದಾರೆ. ಅಷ್ಟು ಸಾಕಿತ್ತು ನನಗೆ.

ಚಳಿ ಹೋಗುವ ಹೊತ್ತಿಗೆ ಮೊಣಕಾಲು ಹಿಡಿದುಕೊಂಡಿತು. ಸೊಸೆ ರಜೆ ಹಾಕಿ ವ್ಯಾಯಾಮ ಮಾಡಿಸುವ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಡಾಕ್ಟರನ್ನು ನೋಡಲು ಒಳಗೆ ಹೋದಳು.

ಎದುರು ಗೋಡೆಯ ಮೇಲೆ ಏಣಿಯ ಹಾಗೆ ಗೆರೆ ಬರೆದಿದ್ದರು. ಒಂದು ಬಲಗೈ ಆ ಗೆರೆಗಳನ್ನು ಬೆರಳಿನಲ್ಲಿ ಹತ್ತುತ್ತಿತ್ತು. ಮುಖ ನೋಡುವ ಮೊದಲೇ ಆ ಕೈಯ ಗುರುತು ಸಿಕ್ಕಿತು. ನೋವು ಮರೆತು ಎದ್ದು ಹೋದೆ.

"ಇಲ್ಲೂ ಕೈ ಎತ್ತಿದ್ರಲ್ಲ ಮೇಡಂ!"

ಅವರು ಕಣ್ಣು ಕಿರಿದು ಮಾಡಿ ನನ್ನ ಕಿವಿಯ ಪಕ್ಕಕ್ಕೆಲ್ಲೋ ನೋಡಿದರು. "ಯಾರದು?"

"ನಾನೇ, ಎದುರು ಕಿಟಕಿ."

"ಕಿಟಕಿ ಮಾತಾಡುತ್ತಾ?"

"ದಿನಾ ಬೆಳಿಗ್ಗೆ ನೀವು ಕೈ ಎತ್ತೋದು, ನಾನೂ ಎತ್ತೋದು... ನಾಲ್ಕನೇ ಮಹಡಿ. ನೀಲಿ ಅಂಗಿ."

ಅವರ ಬಾಯಿ ತೆರೆದುಕೊಂಡಿತು. ಆಮೇಲೆ ನಕ್ಕರು, ಭುಜ ಹಿಡಿದುಕೊಂಡು ನಕ್ಕರು. "ಅಯ್ಯೋ ದೇವರೇ! ಅದು ವ್ಯಾಯಾಮ ಕಣ್ರೀ. ಬಲಭುಜ ಹಿಡ್ಕೊಂಡಿತ್ತು ನಂಗೆ. ಮನೇಲಿ ಗಾಜಿನ ಮೇಲೆ ಬೆರಳು ನಡೆಸಿ ಅಂದಿದ್ರು, ನಡೆಸ್ತಿದ್ದೆ. ಕಣ್ಣಲ್ಲಿ ಪೊರೆ ಬೇರೆ. ನಿಮ್ಮ ಇಡೀ ಕಟ್ಟಡ ನಂಗೆ ಒಂದು ಬೂದಿ ಮೋಡ."

"ನೀಲಿ ಬಟ್ಟೆ?"

"ತಮ್ಮನ ಹೆಂಡ್ತಿ ಏನು ಎತ್ತಿಟ್ಟಿರ್ತಾಳೋ ಅದು. ಬಣ್ಣ ಯಾರು ನೋಡಿದ್ರು?"

ಜೀವಮಾನವೆಲ್ಲ ಜನರ ಭುಜಕ್ಕೆ ಟೇಪು ಹಿಡಿದವನು ನಾನು. ಅವರು ಕೈ ಎತ್ತಿದಾಗಲೆಲ್ಲ ಬಲಭುಜ ಕಿವಿಯವರೆಗೂ ಏರುತ್ತಿದ್ದದ್ದು ನನಗೆ ಕಾಣದೆ ಇರಲಿಲ್ಲ. ಕಂಡಿತ್ತು. ನಾಚಿಕೆಗೆ ತಲೆ ವಾಲಿಸಿದ್ದಾರೆ ಎಂದುಕೊಂಡಿದ್ದೆ. ನೋವನ್ನು ನಾಚಿಕೆ ಅಂದುಕೊಂಡ ಟೈಲರ್ ನಾನೊಬ್ಬನೇ ಇರಬೇಕು.

ಅವರ ನಗು ನಿಂತಿತು. "ಎಷ್ಟು ದಿನದಿಂದ ಎತ್ತುತ್ತಿದ್ರಿ?"

"ಚಳಿ ಶುರುವಾದಾಗಿಂದ."

"ಕೈ ನೋಯ್ಲಿಲ್ವಾ?"

"ಆಗ ಇಲ್ಲ. ಈಗ ನೋಯ್ತಿದೆ."

ಅವರು ಗೋಡೆಯಿಂದ ಕೈ ಇಳಿಸಿದರು. "ಟೆಲಿಫೋನ್ ಆಫೀಸಲ್ಲಿದ್ದೆ ನಾನು. ಊರಿಗೆಲ್ಲ ಲೈನ್ ಕೊಡ್ತಿದ್ದೆ. ನನ್ನನ್ನೇ ಕೇಳ್ಕೊಂಡು ಒಂದು ಫೋನೂ ಬಂದಿದ್ದಿಲ್ಲ. ಕೊನೆಗೂ ನೀವೊಬ್ರು ಮಾಡಿದ್ರಿ. ನಾನು ಎತ್ತಲೇ ಇಲ್ಲ ನೋಡಿ." ಆಮೇಲೆ ದನಿ ತಗ್ಗಿಸಿ, "ನಿಮ್ಮನ್ನೂ ಬೀಗ ಹಾಕ್ಕೊಂಡು ಹೋಗ್ತಾರಾ?" ಎಂದರು.

"ಹೂಂ."

"ನನ್ನನ್ನೂ. ಒಂದ್ಸಲ ಗ್ಯಾಸ್ ಹಚ್ಚಿಟ್ಟು ಮರೆತೆ. ಅಷ್ಟಕ್ಕೇ."

ಅವರ ಭುಜ ಈಗ ಸಡಿಲವಾಗಿದೆ, ನಾಳೆಯಿಂದ ವ್ಯಾಯಾಮ ಬೇಡ ಎಂದು ಡಾಕ್ಟರು ಹೇಳಿದ್ದಾರಂತೆ. ಮುಂದೆ ಕಣ್ಣಿನ ಆಪರೇಷನ್. ಅಷ್ಟರಲ್ಲಿ ತಮ್ಮ ಬಂದು ಅವರ ತೋಳು ಹಿಡಿದು ನಡೆಸಿಕೊಂಡು ಹೋದ. ನನ್ನ ತೋಳನ್ನು ಸೊಸೆ ಹಿಡಿದುಕೊಂಡಳು.

ಮನೆಗೆ ಬಂದವನು ಕಿಟಕಿಯ ಪರದೆ ಎಳೆದುಬಿಟ್ಟೆ. ನಾಳೆಯಿಂದ ಆ ಗಾಜಿನಲ್ಲಿ ಕೈ ಇರುವುದಿಲ್ಲ. ಇದ್ದ ದಿನಗಳಲ್ಲೂ ಅದು ನನಗಾಗಿ ಇರಲಿಲ್ಲ. ಗಡ್ಡ ಬೆಳೆಯಿತು. ಬೀಗ ಬೀಳುತ್ತಿತ್ತು, ನಾನು ಮಂಚದ ಮೇಲೆ ಮಗ್ಗುಲು ಬದಲಿಸುತ್ತಿದ್ದೆ. ನಾಲ್ಕು ಗೋಡೆ ಮೊದಲಿಗಿಂತ ಹತ್ತಿರ ಬಂದ ಹಾಗಿತ್ತು.

"ಮಾವ, ಮನೆಯನ್ನ ಗುಹೆ ಮಾಡಿಟ್ಟಿದ್ದೀರಲ್ಲ." ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಸೊಸೆ ಸರ್ರನೆ ಪರದೆ ಸರಿಸಿದಳು. "ನೋಡಿ, ಅವರು ಇವತ್ತೂ ನಿಂತಿದ್ದಾರೆ."

"ಯಾರು?"

"ಕಪ್ಪು ಕನ್ನಡಕದವರು. ನಿನ್ನೆ ಕೆಳಗಿಂದ ನೋಡಿದ್ದೆ. ಕೈ ಎತ್ಕೊಂಡು ನಮ್ಮ ಕಿಟಕೀನೇ ನೋಡ್ತಿದ್ರು."

"ವ್ಯಾಯಾಮ ಅದು. ಭುಜದ್ದು."

"ಯಾವ ವ್ಯಾಯಾಮ ಮಾವ? ಹೀಗೆ ಹೀಗೆ ಬೀಸ್ತಿದ್ದಾರೆ."

ಮತ್ತೆ ಮೋಸಹೋಗಬಾರದು ಎಂದುಕೊಂಡೇ ಎದ್ದೆ. ಮೊದಲು ಭುಜ ನೋಡಿದೆ. ಎರಡೂ ಸಮವಾಗಿದ್ದವು. ಅಂಗೈ ಗಾಜಿಗೆ ತಾಗಿರಲಿಲ್ಲ. ಎದುರು ನಿಂತವರ ಎಡ ಬಲ ಟೈಲರಿಗೆ ತಪ್ಪುವುದಿಲ್ಲ. ಅದು ಎಡಗೈ. ಯಾವತ್ತೂ ನೋಯದೆ ಇದ್ದ ಕೈ.

ನಾನು ಕೈ ಎತ್ತಿದೆ. ಅರ್ಧಕ್ಕೇ ನಿಂತಿತು, ಪೂರ್ತಿ ಎತ್ತಲು ಧೈರ್ಯ ಸಾಲಲಿಲ್ಲ. ಅವರು ಕನ್ನಡಕ ಒಂಚೂರು ಕೆಳಗೆ ಜಾರಿಸಿ ನನ್ನನ್ನು ನೋಡಿದರು. ನಿಧಾನವಾಗಿ, ಮೇಲಿಂದ ಕೆಳಗೆ. ಆಮೇಲೆ ತಮ್ಮ ಗಲ್ಲವನ್ನು ಸವರಿಕೊಂಡು ಮುಖ ಸಿಂಡರಿಸಿದರು.

ಗಡ್ಡ! ಅವರು ನನ್ನನ್ನು ಮೊದಲ ಸಲ ನೋಡುತ್ತಿದ್ದಾರೆ, ನಾನು ತೂತು ಬನಿಯನ್ನಿನಲ್ಲಿ ನಿಂತಿದ್ದೇನೆ. ಕಿವಿಯವರೆಗೆ ಬಿಸಿಯಾಯಿತು. ಎದುರಿಗೆ ಅವರು ನಗುತ್ತಿದ್ದದ್ದು ಭುಜದ ಅಲುಗಾಟದಲ್ಲೇ ತಿಳಿಯಿತು.

"ಅಮ್ಮಾ," ಎಂದೆ ಸೊಸೆಗೆ, "ಮೊಣಕಾಲು ಮತ್ತೆ ನೋಯ್ತಿದೆ. ಕ್ಲಿನಿಕ್ಕಿಗೆ ಹೋಗ್ಬೇಕು."

"ಯಾವ ಕಾಲು ಮಾವ?"

ಯಾವುದಿತ್ತು? ಬಗ್ಗಿ ಎರಡನ್ನೂ ನೋಡಿಕೊಂಡೆ.

ಸೊಸೆ ಎದುರು ಕಿಟಕಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯಲ್ಲಿದ್ದ ಬೀಗವನ್ನು ಒಂದು ಸಲ ತಿರುಗಿಸಿದಳು. ಅಲ್ಲಿಯೇ ಬಿಟ್ಟು ಹೋಗುತ್ತಾಳೇನೋ ಅನ್ನಿಸಿತು.

"ಶನಿವಾರ ಅವರಿಗೂ ಕಾಲು ನೋಯುತ್ತಾ ಕೇಳಿ," ಎಂದಳು. "ಇಬ್ರನ್ನೂ ಒಟ್ಟಿಗೇ ಕರ್ಕೊಂಡು ಹೋಗ್ತೀನಿ. ಆ ಗಡ್ಡ ಮೊದ್ಲು ತೆಗೀರಿ."

ಹೊರಗೆ ಹೋದಳು. ಬೀಗ ಬಿತ್ತು.

ಎದುರಿಗೆ ಅವರು ಇನ್ನೂ ಎಡಗೈ ಎತ್ತಿಕೊಂಡೇ ಇದ್ದರು. ಶನಿವಾರ ಎನ್ನುವುದನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆಂದು ತಿಳಿಯಲಿಲ್ಲ. ಗಡ್ಡದ ಸೋಪು, ಬ್ರಶ್ಶು ಬಚ್ಚಲಲ್ಲಿದ್ದವು. ನನ್ನ ಕೈ ಇಳಿಸಿದರೆ ಎಲ್ಲಿ ಲೈನ್ ಕಟ್ಟಾಗಿಬಿಡುತ್ತದೋ ಎಂದು, ಅವನ್ನು ತರಲೂ ಹೋಗದೆ ಹಾಗೇ ನಿಂತೆ.