ಮೂವತ್ತಮೂರನೇ ಚಾನೆಲ್

"ರೇಡಿಯೊಗೆ ನಾನೂರ ಇಪ್ಪತ್ತು ಡಾಲರ್. ಆಂಟೆನಾ ನೂರ ಎಂಬತ್ತು. ಸ್ಪ್ರಿಂಗು, ಬ್ರಾಕೆಟ್ಟು, ಕೇಬಲ್ಲು ಸೇರಿ ತೊಂಬತ್ತು. ಕೂರಿಸೋ ಕೂಲಿ ಬೇರೆ," ಎಂದೆ.

ಹಾಗೆ ಹೇಳುವಾಗ ಪಿಸ್ತೂಲಿನ ತುದಿ ನನ್ನ ಬೆನ್ನಿಗೆ ಒತ್ತಿತ್ತು.

"ಕೂಲೀನೂ ಬೇಕಾ ನಿಂಗೆ?" ಹಿಂದಿನಿಂದ ದನಿ ಬಂತು.

"ಕೇಳೋದು ಅಭ್ಯಾಸ ಆಗ್ಬಿಟ್ಟಿದೆ."

ಪಿಸ್ತೂಲು ಇನ್ನಷ್ಟು ಒತ್ತಿತು.

ಕದ್ದ ಲಾರಿ ಹುಡುಕಿಕೊಡುವುದು ನನ್ನ ಕಸುಬು. ಆ ಕೆಲಸ ಇಲ್ಲದಾಗ ಲಾರಿಗಳಿಗೆ ಸಿ.ಬಿ. ರೇಡಿಯೊ, ಅಂದರೆ ಗಾಡಿಯಿಂದ ಗಾಡಿಗೆ ಮಾತಾಡುವ ಸೆಟ್ಟು, ಕೂರಿಸುತ್ತೇನೆ. ಕ್ಲಾನ್‌ಕರಿ ಎಂಬ ಊರಿನಿಂದ ಉತ್ತರಕ್ಕೆ, ಮಣ್ಣು ರಸ್ತೆಯ ಪಕ್ಕದಲ್ಲಿ ನನ್ನದೊಂದು ತಗಡಿನ ಶೆಡ್. ಕದ್ದ ಲಾರಿಯ ಹಿಂದೆ ಸಾಮಾನ್ಯವಾಗಿ ನಾನು ಅಲೆಯಬೇಕು. ಆವತ್ತು ಅದೇ ಬಂದು ನನ್ನ ಶೆಡ್ಡಿನ ಮುಂದೆ ನಿಂತಿತ್ತು.

ನೋಡಿದ ಕೂಡಲೇ ಗುರುತು ಹಿಡಿದೆ. ಡಲ್ಸಿ ಮಾರ್ಕೆಟ್ಟಿ ಎಂಬವಳ ಲಾರಿ. ಎರಡು ಟ್ರೇಲರ್ ತುಂಬ ಹೋರಿಗಳು. ಡಲ್ಸಿ ತನ್ನ ಸ್ಟೀರಿಂಗನ್ನು ಗಂಡನಿಗೂ ಮುಟ್ಟಲು ಕೊಟ್ಟವಳಲ್ಲ. ಗಂಡ ಬಿಟ್ಟುಹೋಗಲು ಅದೂ ಒಂದು ಕಾರಣ.

ಈಗ ಆ ಸೀಟಿನಿಂದ ಬೆವರುತ್ತ ಇಳಿದವನು ಡೆಕ್ಕರ್ ಎಂಬ ದಪ್ಪ ಮನುಷ್ಯ. ಪಿಸ್ತೂಲು ಹಿಡಿದವನು ಲೈಲ್. ಇವನು ಪಿಕಪ್ಪಿನಲ್ಲಿ ಮುಂದೆ ಬಂದಿದ್ದ. ಇಬ್ಬರೂ ಕರಾವಳಿ ಕಡೆಯವರು. ಬೂಟಿನಲ್ಲೇ ಗೊತ್ತಾಗುತ್ತಿತ್ತು. ನಮ್ಮ ಕೆಂಪು ಧೂಳು ಇನ್ನೂ ಹೊಲಿಗೆಯೊಳಗೆ ಇಳಿದಿರಲಿಲ್ಲ.

ಲಾರಿಯೊಳಗೆ ರೇಡಿಯೊ ಇರಬೇಕಾದ ಜಾಗದಲ್ಲಿ ಬರೀ ವೈರುಗಳು ನೇತಾಡುತ್ತಿದ್ದವು. ಆಂಟೆನಾ ಬುಡಕ್ಕೆ ಮುರಿದಿತ್ತು. ಏನಾಗಿದೆ ಎಂದು ಊಹಿಸುವುದು ಕಷ್ಟವಿರಲಿಲ್ಲ. ಡಲ್ಸಿ ಮೈಕ್ ಹಿಡಿದು ಕೂಗಲು ಹೋಗಿದ್ದಾಳೆ. ಇವರು ಹೆದರಿ ಎಲ್ಲವನ್ನೂ ಕಿತ್ತು ಬಿಸಾಡಿದ್ದಾರೆ. ಆಮೇಲೆ ಬುದ್ಧಿ ಬಂದಿದೆ. ಮುಂದೆ ಹೋಗುವ ಪಿಕಪ್ಪಿನ ಧೂಳಿಗೆ ಹಿಂದಿನ ಲಾರಿಗೆ ರಸ್ತೆಯೇ ಕಾಣುವುದಿಲ್ಲ. ಮೈಲಿಗಟ್ಟಲೆ ಹಿಂದೆ ಉಳಿಯಬೇಕು. ಮೊಬೈಲ್ ಸಿಗ್ನಲ್ ಇಲ್ಲ. ಮುಂದೆ ಪೊಲೀಸ್ ಜೀಪು ಬಂದರೆ ಹಿಂದಿನವನಿಗೆ ಹೇಳುವುದು ಹೇಗೆ?

"ಎರಡು ಗಾಡಿಗೂ ಕೂರಿಸು," ಎಂದ ಲೈಲ್. "ಯಾರ ಕಿವಿಗೂ ಬೀಳಬಾರದು. ಅಂಥ ಚಾನೆಲ್ ಯಾವುದಿದೆ ಹೇಳು."

"ಡಲ್ಸಿ ಎಲ್ಲಿ?" ಎಂದೆ.

ಉತ್ತರವಾಗಿ ಪಿಸ್ತೂಲಿನ ಹಿಡಿ ನನ್ನ ದವಡೆಗೆ ಬಿತ್ತು. ಬಾಯಲ್ಲಿ ಏನೋ ಉದುರಿತು. ಉಗುಳಿ ಕೆಲಸ ಶುರು ಮಾಡಿದೆ.

ಪವರ್ ವೈರನ್ನು ಬ್ಯಾಟರಿಗೆ ಎಳೆಯಲು ಸೀಟಿನ ಹಿಂದೆ ಬಗ್ಗಿದಾಗ ಅವಳು ಕಂಡಳು. ಮಲಗುವ ಜಾಗದ ಪರದೆಯ ಹಿಂದೆ. ಬಾಯಿಗೆ ಟೇಪು. ಕೈ ಎರಡನ್ನೂ ಬೇಲಿ ತಂತಿಯಲ್ಲಿ ಬಿಗಿದಿದ್ದರು. ಎಡಗೈ ಬೆರಳುಗಳು ಕಪ್ಪಾಗಿದ್ದವು. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದಳು. ಬೇಡುವ ನೋಟವಲ್ಲ, ತಡ ಯಾಕೆ ಎಂದು ಕೇಳುವ ನೋಟ.

ಇವಳನ್ನು ಜೀವಂತ ಬಿಟ್ಟರೆ ಇವರಿಗೆ ಜೈಲು. ಹಾಗಾಗಿ ಬಿಡುವುದಿಲ್ಲ. ಇಷ್ಟು ಲೆಕ್ಕ ನನಗೆ ಬರುತ್ತದೆ. ಶೆಡ್ಡಿನ ಫೋನನ್ನು ಬಂದ ಕೂಡಲೇ ಒಡೆದಿದ್ದರು. ನನ್ನ ರೈಫಲ್ ಈಗ ಲೈಲ್‌ನ ಪಿಕಪ್ಪಿನಲ್ಲಿತ್ತು. ಉಳಿದಿದ್ದು ಒಂದೇ... ಅವರೇ ಕೇಳಿದ ರೇಡಿಯೊ.

"ಕುಳ್ಳ ಆಂಟೆನಾ ಹಾಕು," ಎಂದ ಲೈಲ್. "ಉದ್ದದ್ದು ಬೇಡ. ಎದ್ದು ಕಾಣುತ್ತೆ."

"ಕುಳ್ಳದ್ದು ಬೆಟ್ಟದ ಕಡೆಗೆ ಸರಿ. ಇದು ಬಯಲು. ಇಲ್ಲಿ ಉದ್ದದ್ದೇ ದೂರ ಹೋಗೋದು. ಈ ರಸ್ತೆಯಲ್ಲಿ ಉದ್ದ ಆಂಟೆನಾ ಇಲ್ಲದ ಲಾರೀನೇ ಎದ್ದು ಕಾಣೋದು ಮಾರಾಯ."

ಅವನು ಡೆಕ್ಕರ್‌ನ ಮುಖ ನೋಡಿದ. ಡೆಕ್ಕರ್ ಭುಜ ಕುಣಿಸಿದ.

"ಹಾಕು."

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಲಾರಿಯಿಂದ ಪಿಕಪ್ಪಿಗೆ ಮಾತಾಡಲು ಕುಳ್ಳದ್ದೇ ಸಾಕು ಎಂಬುದನ್ನು ಮಾತ್ರ ಹೇಳಲಿಲ್ಲ. ನನಗೆ ಇನ್ನೂ ದೂರ ಮುಟ್ಟಬೇಕಿತ್ತು. ಪೂರ್ವಕ್ಕೆ ಒಂದು ಬೋಳು ಗುಡ್ಡವಿದೆ. ಅದರ ತಲೆಯ ಮೇಲೆ ನಮ್ಮ ಕಡೆಯವರೆಲ್ಲ ಸೇರಿ ಹಾಕಿಸಿದ ರಿಪೀಟರ್ ಇದೆ. ಅದರ ಕೆಲಸ ಸರಳ. ಮೂವತ್ತಮೂರನೇ ಚಾನೆಲ್‌ನಲ್ಲಿ ಬಂದ ಮಾತನ್ನು ಹಿಡಿದು, ಮೂರನೇ ಚಾನೆಲ್‌ನಲ್ಲಿ ಜೋರಾಗಿ ಸುತ್ತಲ ನೂರು ಕಿಲೋಮೀಟರಿಗೆ ಹರಡುತ್ತದೆ. ದನದ ಫಾರ್ಮುಗಳ ಪ್ರತಿ ಅಡುಗೆಮನೆಯಲ್ಲೂ ಒಂದು ಸೆಟ್ಟು ಮೂರರಲ್ಲಿ ಕಿವಿ ತೆರೆದು ಕೂತಿರುತ್ತದೆ. ರಿಪೀಟರ್ ಬಳಸಬೇಕಾದವರು ಸೆಟ್ಟಿನಲ್ಲಿ ಒಂದು ಗುಂಡಿ ಒತ್ತುತ್ತಾರೆ. ಆಗ ಕೇಳುವುದು ಮೂರರಲ್ಲಿ, ಆಡಿದ ಮಾತು ಹೋಗುವುದು ಮೂವತ್ತಮೂರಕ್ಕೆ.

ಮೂವತ್ತಮೂರರಲ್ಲಿ ಸುಮ್ಮನೆ ಹರಟಬಾರದು. ಇಲ್ಲಿನವರಿಗೆ ಇದು ಹಾಲು ಕುಡಿಯುವಾಗಲೇ ಗೊತ್ತು. ಕರಾವಳಿಯವರಿಗೆ ಯಾರು ಹೇಳಬೇಕು?

"ನಲವತ್ತು ಲಾರಿಯವರದು," ಎಂದೆ. "ಹದಿನೆಂಟು ಪ್ರವಾಸಿಗರದು. ಐದು ಮುಟ್ಟಲೇಬೇಡಿ, ಅದು ಆಪತ್ತಿಗೆ. ಮೂವತ್ತಮೂರು ಇಟ್ಕೊಳ್ಳಿ. ಅಲ್ಲಿ ಯಾರೂ ಹರಟಲ್ಲ."

"ಖಾತ್ರೀನಾ?"

"ಕೇಳಿ ನೋಡಿ."

ಲೈಲ್ ಸೆಟ್ಟಿಗೆ ಕಿವಿ ಕೊಟ್ಟ. ನಿಶ್ಶಬ್ದ. ಅವನ ಮುಖದಲ್ಲಿ ಮೊದಲ ಸಲ ನಗು ಬಂತು.

ಆಗಲೇ ನನಗೊಂದು ನೆನಪಾಯಿತು. ಶೆಡ್ಡಿನೊಳಗೆ, ಬೆಂಚಿನ ಮೇಲೆ ನನ್ನದೇ ಸೆಟ್ಟು ಆನ್ ಆಗಿತ್ತು... ಮೂರನೇ ಚಾನೆಲ್‌ನಲ್ಲಿ. ಇವರು ಪರೀಕ್ಷೆಗೆಂದು ಒಂದು ಮಾತಾಡಿದರೆ ಸಾಕು. ಅವರ ದನಿಯೇ ಬೆಂಚಿನಿಂದ ತಿರುಗಿ ಬರುತ್ತದೆ. ಅಲ್ಲಿಗೆ ಡಲ್ಸಿಯ ಕತೆ ಮುಗಿಯುತ್ತದೆ. ನನ್ನದೂ.

"ಒಂದು ಬೆಸುಗೆ ಬಾಕಿ ಇದೆ," ಎಂದು ಬೆಂಚಿಗೆ ಹೋದೆ. ಸೆಟ್ಟಿನ ಪ್ಲಗ್ ಕಿತ್ತೆ. ಬೆಸುಗೆ ಕಡ್ಡಿಯ ಪ್ಲಗ್ ಹಾಕಿದೆ.

"ಅದನ್ಯಾಕೆ ಆಫ್ ಮಾಡ್ದೆ?" ಲೈಲ್ ಬಾಗಿಲಲ್ಲಿ ನಿಂತಿದ್ದ.

"ಇರೋದು ಒಂದೇ ಸಾಕೆಟ್ಟು. ಇನ್ನೊಂದು ಹಾಕಿಸಿಕೊಡ್ತೀಯಾ?"

ಅವನು ಸಾಕೆಟ್ ನೋಡಿದ. ನನ್ನನ್ನು ನೋಡಿದ. ಕಡ್ಡಿ ಕಾದು ಹೊಗೆ ಬಂತು. ಬೇಕಿಲ್ಲದ ಜಾಗಕ್ಕೆ ಒಂದು ಹನಿ ಸೀಸ ಬಿಟ್ಟೆ. ಅವನು ಲಾರಿಯ ಕಡೆ ತಿರುಗಿದ.

ಪರೀಕ್ಷೆ ಆಯಿತು. ಮಾತು ಸ್ಫಟಿಕದಂತೆ ಕೇಳಿತು. ನಾನು ಕೆಟ್ಟ ಕೆಲಸ ಮಾಡುವವನಲ್ಲ.

ನನ್ನನ್ನು ಬಿಟ್ಟು ಹೋಗಲಿಲ್ಲ. ಬಿಡುತ್ತಾರೆಂದು ನಾನೂ ಅಂದುಕೊಂಡಿರಲಿಲ್ಲ. ಲಾರಿಯಲ್ಲಿ ಡೆಕ್ಕರ್‌ನ ಪಕ್ಕ ಕೂರಿಸಿ, ಬಾಗಿಲ ಹಿಡಿಗೆ ಕೈ ಕಟ್ಟಿದರು. ಡೆಕ್ಕರ್‌ನ ತೊಡೆಯ ಮೇಲೆ ಇನ್ನೊಂದು ಪಿಸ್ತೂಲು. ಲೈಲ್ ಪಿಕಪ್ಪಿನಲ್ಲಿ ಮುಂದೆ ಧೂಳೆಬ್ಬಿಸಿಕೊಂಡು ಮಾಯವಾದ.

ಸೂರ್ಯ ನೆತ್ತಿಯ ಮೇಲಿದ್ದ. ಹಿಂದಿನಿಂದ ಡಲ್ಸಿಯ ಉಸಿರು ಕೇಳುತ್ತಿತ್ತು. ಸಣ್ಣಗೆ, ಬಿಟ್ಟು ಬಿಟ್ಟು.

"ಒಣಹಳ್ಳ ದಾಟಿದೆ. ದಾರಿ ಖಾಲಿ," ರೇಡಿಯೊದಲ್ಲಿ ಲೈಲ್.

"ಸರಿ," ಡೆಕ್ಕರ್.

ಇಷ್ಟು ಕಡಿಮೆ ಮಾತಾಡಿದರೆ ಯಾರಿಗೆ ಏನು ಅರ್ಥವಾಗಬೇಕು? ನಾನು ಬಾಯಿ ತೆರೆಯಬೇಕು ಅಂದುಕೊಳ್ಳುವಷ್ಟರಲ್ಲಿ ರೇಡಿಯೊ ಕರಕರ ಎಂದಿತು. ಹೆಂಗಸಿನ ದನಿ.

"ಯಾರ್ರಪ್ಪ ಅದು? ಊಟದ ಹೊತ್ತಲ್ಲಿ ನಮ್ಮ ಕಿವಿ ತಿನ್ನೋರು? ಹೋಗ್ರಿ ಬೇರೆ ಕಡೆ."

ಬೆರಿಲ್ ಡೊಹರ್ಟಿ. ರಸ್ತೆಯ ಪಕ್ಕದ ಫಾರ್ಮಿನ ಯಜಮಾನಿ. ಹತ್ತಿರವಿದ್ದಳು. ಅದಕ್ಕೇ ಅವಳ ದನಿ ನೇರ ನಮ್ಮ ಸೆಟ್ಟಿಗೆ ಬಿದ್ದಿತ್ತು.

ಡೆಕ್ಕರ್ ಬ್ರೇಕ್ ಒತ್ತಿದ. ಹಿಂದೆ ಹೋರಿಗಳು ಒಂದರ ಮೇಲೊಂದು ಬಿದ್ದ ಸದ್ದು. ಪಿಸ್ತೂಲು ನನ್ನ ಕಿವಿಗೆ ಬಂತು.

"ಯಾರೂ ಇರಲ್ಲ ಅಂದೆ."

"ಪಕ್ಕದ ಫಾರ್ಮಿನ ಮುದುಕಿ. ಉತ್ತರ ಕೊಡದೆ ಹೋದ್ರೆ ಗಾಡಿ ಹತ್ತಿ ಹುಡುಕ್ಕೊಂಡು ಬರ್ತಾಳೆ. ಮೈಕ್ ಹಿಡಿ. ಸುಮ್ಮನಿರಿಸ್ತೀನಿ."

"ಒಂದು ಮಾತು ಹೆಚ್ಚಾದ್ರೆ..."

"ಗೊತ್ತು."

ಅವನು ಮೈಕನ್ನು ನನ್ನ ಬಾಯಿಗೆ ಹಿಡಿದ. ತುಟಿ ಊದಿತ್ತು. ಆದರೂ ಸ್ಪಷ್ಟವಾಗಿ ಹೇಳಿದೆ.

"ಬೆರಿಲ್, ನಾನು ಟ್ರೆವ್. ಹೊಸ ರೇಡಿಯೊ ಪರೀಕ್ಷೆ ಮಾಡ್ತಿದೀನಿ. ಇವತ್ತು ಪೂರ್ತಿ ಮೂವತ್ತಮೂರರಲ್ಲೇ ಇರ್ತೀವಿ. ಬೇಜಾರು ಮಾಡ್ಕೋಬೇಡ."

ಇಲ್ಲಿ ಒಂದು ವಿಷಯ ಹೇಳಬೇಕು. ಆ ಚಾನೆಲ್ಲಿಗೆ ನಾನೇ ಕಾವಲು ನಾಯಿ. ಹೋದ ವರ್ಷ ಬೆರಿಲ್‌ಳ ತಮ್ಮ ವಾಲಿ ಅಲ್ಲಿ ಕ್ರಿಕೆಟ್ ಸ್ಕೋರ್ ಹೇಳಿದನೆಂದು ಅವರ ಮನೆವರೆಗೂ ಹೋಗಿ ಜಗಳವಾಡಿದ್ದೆ. ಅಂಥವನು ಈಗ ಇಡೀ ದಿನ ಅಲ್ಲೇ ಇರುತ್ತೇನೆ ಅನ್ನುತ್ತಿದ್ದೇನೆ. ಒಂದೋ ಅವಳಿಗೆ ಅನುಮಾನ ಬರಬೇಕು... ಇಲ್ಲವೇ ಸಿಟ್ಟು ಬರಬೇಕು. ಸಿಟ್ಟು ಬಂದು ಬೈಯಲು ಶುರು ಮಾಡಿದರೆ ನಾವು ಸತ್ತೆವು.

ರೇಡಿಯೊ ಗೊರಗುಟ್ಟಿತು.

"ನೀನಾ ಟ್ರೆವ್?" ಎಂದಳು. "ಸರಿ. ಮಾಡ್ಕೊ."

ಅಷ್ಟೇ. ಅವಳಿಗೆ ತಿಳಿಯಿತೋ, ಇಲ್ಲ ಸೆಟ್ಟು ಆರಿಸಿ ಊಟಕ್ಕೆ ಕೂತಳೋ, ತಿಳಿಯುವ ದಾರಿ ಇರಲಿಲ್ಲ. ಲಾರಿ ಮತ್ತೆ ಹೊರಟಿತು. ಅವಳ ಫಾರ್ಮಿನ ಗೇಟು ಬಂತು. ಹೋಯಿತು. ಗೇಟಿನಲ್ಲಿ ಒಂದು ನಾಯಿ ಮಾತ್ರ ಮಲಗಿತ್ತು.

ನನಗೆ ಅಳು ಬರುವಂತಾಯಿತು. ಆ ನಾಯಿ ತಲೆ ಕೂಡ ಎತ್ತಲಿಲ್ಲ.

ಹಿಂದಿನ ಉಸಿರು ಇನ್ನೂ ಸಣ್ಣದಾಗಿತ್ತು. ಇನ್ನು ಕಾಯುವಂತಿರಲಿಲ್ಲ. ಕೇಳುತ್ತಿರುವವರು ಯಾರಾದರೂ ಇದ್ದರೆ ಅವರಿಗೆ ಎಲ್ಲಿ, ಏನು ಎಂದು ಗೊತ್ತಾಗಬೇಕು. ನಾನು ಹೇಳುವಂತಿಲ್ಲ. ಇವರ ಬಾಯಿಂದಲೇ ಬರಬೇಕು.

"ಡೆಕ್ಕರ್," ಎಂದೆ. "ನಮ್ಮಿಬ್ಬರನ್ನ ಏನು ಮಾಡಬೇಕು ಅಂತ ಲೈಲ್ ನಿಂಗೆ ಹೇಳಿದಾನಾ?"

"ಸುಮ್ನೆ ಕೂತ್ಕೊ."

"ಹೇಳಿಲ್ಲ ಅಂದಂಗಾಯ್ತು. ಲಾರಿ ಓಡಿಸ್ತಿರೋನು ನೀನು. ಡಲ್ಸಿ ಇರೋದು ನಿನ್ನ ಗಾಡೀಲಿ. ನಾಳೆ ಸಿಕ್ಕಿಬಿದ್ರೆ ಅವನೇನಂತಾನೆ? ಎಲ್ಲ ಡೆಕ್ಕರ್ ಮಾಡಿದ್ದು, ನಾನು ಮುಂದೆ ಪಿಕಪ್ಪಲ್ಲಿದ್ದೆ ಅಂತಾನೆ."

"ಬಾಯ್ಮುಚ್ಚು ಅಂದೆ."

"ಮುಚ್ತೀನಿ. ಮುದುಕಿ ಫಾರ್ಮು ಹಿಂದೆ ಬಿತ್ತು, ಇನ್ನು ಅವಳಿಗೆ ಕೇಳಲ್ಲ. ಅವನನ್ನೊಂದು ಸಲ ಕೇಳು. ಅಷ್ಟೇ."

ಅವನು ತುಟಿ ನೆಕ್ಕಿಕೊಂಡ. ಕನ್ನಡಿಯಲ್ಲಿ ಹಿಂದಿನ ಪರದೆ ನೋಡಿದ. ಮನುಷ್ಯ ಪೂರ್ತಿ ಕೆಟ್ಟವನಲ್ಲ, ಹೆದರುಪುಕ್ಕಲ. ಅಂಥವರು ಪಿಸ್ತೂಲು ಹಿಡಿದರೆ ಹೆಚ್ಚು ಅಪಾಯ. ಕೊನೆಗೆ ಮೈಕ್ ಎತ್ತಿದ.

"ಲೈಲ್... ಆ ಮುದುಕಿ ಹಿಂದೆ ಉಳಿದ್ಳು, ಇನ್ನು ಯಾರೂ ಇಲ್ಲ. ಈ ಇಬ್ಬರನ್ನ ಎಲ್ಲಿ ಇಳಿಸೋದು?"

"ಇಳಿಸೋದಾ?" ಲೈಲ್ ನಕ್ಕ. "ಮುಂದೆ ಎಡಕ್ಕೆ ಲೇಡಿ ಹ್ಯಾರಿಯೆಟ್ ಅಂತ ಬೋರ್ಡಿದೆ. ಹಳೇ ತಾಮ್ರದ ಗಣಿ. ಗುಂಡಿ ಆಳ ಇದೆ, ನಿನ್ನೇನೇ ನೋಡ್ಕೊಂಡು ಬಂದಿದೀನಿ. ಮೊದಲು ಹೆಂಗಸು, ಆಮೇಲೆ ರೇಡಿಯೊದವನು."

"ಜೀವಂತವಾಗೇನಾ?"

"ನಿಂಗೆ ಹೆಂಗೆ ಅನುಕೂಲವೋ ಹಂಗೆ."

ಡೆಕ್ಕರ್ ಮೈಕ್ ಕೆಳಗಿಟ್ಟ. ಮುಖ ಬಿಳಿಚಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಆ ಮಾತು ಗುಡ್ಡ ಹತ್ತಿ ಇಳಿದು, ಎಷ್ಟೋ ಅಡುಗೆಮನೆಗಳಲ್ಲಿ ಬಿದ್ದಿರಬೇಕು. ಬಿದ್ದಿರಲಿ, ಬಿದ್ದಿರಲಿ ಎಂದು ಚರ್ಚಿಗೆ ಕಾಲಿಡದ ನಾನು ಬೇಡಿಕೊಂಡೆ.

ಅರ್ಧ ಗಂಟೆ ಕಳೆದು ಬೋರ್ಡು ಬಂತು. ಲಾರಿ ಎಡಕ್ಕೆ ಹೊರಳಿತು.

ಗಣಿಯ ಬಳಿ ಮುಳ್ಳುಹುಲ್ಲು, ತುಕ್ಕು ಹಿಡಿದ ಕಬ್ಬಿಣ ಬಿಟ್ಟರೆ ಏನಿಲ್ಲ. ಗುಂಡಿಯ ಬಾಯಿಗೆ ಹಾಕಿದ್ದ ಹಲಗೆಗಳನ್ನು ಲೈಲ್ ಆಗಲೇ ಸರಿಸಿದ್ದ. ಡೆಕ್ಕರ್ ಡಲ್ಸಿಯನ್ನು ಎಳೆದು ಇಳಿಸಿದ. ಅವಳಿಗೆ ನಿಲ್ಲಲಾಗಲಿಲ್ಲ. ನನ್ನ ಕಟ್ಟು ಬಿಚ್ಚಿ ಅವಳ ಪಕ್ಕ ನೂಕಿದರು. ನಾನು ಅವಳ ಬಾಯಿಯ ಟೇಪು ಕಿತ್ತೆ.

"ನನ್ನ ಹೋರಿಗಳಿಗೆ ನೀರು ಕೊಟ್ರಾ?" ಎಂದಳು.

"ಇಲ್ಲ."

"ಬೇವಾರ್ಸಿಗಳು."

ಸುತ್ತ ನೋಡಿದೆ. ಬಯಲು. ಬಿಸಿಲು. ಒಂದು ಚೂರು ಧೂಳೂ ಏಳುತ್ತಿರಲಿಲ್ಲ. ಯಾರೂ ಕೇಳಿಲ್ಲ. ಬೆರಿಲ್ ಊಟಕ್ಕೇ ಕೂತಿದ್ದಾಳೆ. ನಾನು ಡಲ್ಸಿಯ ಮುಂದೆ ನಿಂತೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಇನ್ನೇನು ಮಾಡಲೂ ತೋಚಲಿಲ್ಲ.

ಲೈಲ್ ಪಿಸ್ತೂಲು ಎತ್ತಿದ.

ಆಗ ದಿಬ್ಬದ ಹಿಂದಿನಿಂದ ಸದ್ದು ಬಂತು. ಮೊದಲು ಗುಂಯ್ ಅಂತ. ಆಮೇಲೆ ತಲೆಯ ಮೇಲೇ. ದನ ಅಟ್ಟುವ ಪುಟ್ಟ ಹೆಲಿಕಾಪ್ಟರ್, ನೆಲಕ್ಕೆ ಒರೆಸುವಂತೆ ಹಾರಿ ಬಂತು. ಓಡಿಸುತ್ತಿದ್ದವನು ವಾಲಿ. ಗಣಿಯ ಅಂಗಳದ ಧೂಳೆಲ್ಲ ಎದ್ದು ಲೈಲ್‌ನ ಕಣ್ಣಿಗೆ ತುಂಬಿತು. ಗುಂಡು ಎಲ್ಲೋ ಹಾರಿತು. ನಾನು ಡಲ್ಸಿಯನ್ನು ತಬ್ಬಿ ನೆಲಕ್ಕೆ ಉರುಳಿದೆ.

ಲೈಲ್ ಪಿಕಪ್ಪಿಗೆ ಹಾರಿ ಹೊರಟ. ವಾಲಿ ಬೆನ್ನು ಹತ್ತಿದ. ಗುಂಪು ಬಿಟ್ಟ ಹೋರಿಯನ್ನು ಹೇಗೆ ಅಟ್ಟುತ್ತಾನೋ ಹಾಗೇ ಅಟ್ಟಿದ. ಎಡಕ್ಕೆ ತಿರುಗಿದರೆ ಎಡಕ್ಕೆ ಅಡ್ಡ, ಬಲಕ್ಕೆ ತಿರುಗಿದರೆ ಬಲಕ್ಕೆ. ಕೊನೆಗೆ ಪಿಕಪ್ಪು ಹಿಟ್ಟಿನಂಥ ಮೆತ್ತನೆ ಮಣ್ಣಿಗೆ ಇಳಿದು ಬಾಗಿಲವರೆಗೆ ಹೂತುಹೋಯಿತು. ಅಷ್ಟರಲ್ಲಿ ಮೂರು ದಿಕ್ಕಿನಿಂದ ಗಾಡಿಗಳು ಬಂದಿದ್ದವು. ಎಲ್ಲ ಫಾರ್ಮಿನವರು. ಧೂಳೇಳಬಾರದೆಂದು ದಿಬ್ಬದ ಹಿಂದೆ ಎಂಜಿನ್ ಆರಿಸಿ ಕಾದಿದ್ದರಂತೆ. ಒಬ್ಬರಿಗೊಬ್ಬರು ರೇಡಿಯೊದಲ್ಲಿ ಮಾತಾಡದೆ, ಮನೆ ಫೋನಿನಲ್ಲೇ ಎಲ್ಲರನ್ನೂ ಕೂಡಿಸಿದವಳು ಬೆರಿಲ್.

ಡೆಕ್ಕರ್ ತಾನಾಗಿ ಪಿಸ್ತೂಲು ಕೆಳಗಿಟ್ಟು ಕೂತುಬಿಟ್ಟಿದ್ದ.

ಲೈಲ್‌ನನ್ನು ಎಳೆದು ತಂದರು. ಬಾಯಿ ತುಂಬ ಮಣ್ಣು. ಉಗುಳಿ ಕೇಳಿದ, "ಯಾರು ಹೇಳಿದ್ದು ನಿಮಗೆ?"

ಬೆರಿಲ್ ರೈಫಲನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. "ನೀನೇ ಕಣಪ್ಪ. ನಾನು ಆಲೂಗಡ್ಡೆ ಸುಲೀತಾ ನಿಂತು ಕೇಳಿದೆ."

ವಿಮಾನದಲ್ಲಿ ಡಾಕ್ಟರು ಬರುವವರೆಗೆ ಡಲ್ಸಿಯ ತಲೆ ನನ್ನ ತೊಡೆಯ ಮೇಲಿತ್ತು. ತಂತಿ ಬಿಚ್ಚಿದಾಗಲೂ ಅವಳು ಅಳಲಿಲ್ಲ. ಹೋರಿಗಳಿಗೆ ನೀರು ಸಿಕ್ಕಿತು ಎಂದಾಗ ಅತ್ತಳು.

ಉಳಿದದ್ದು ಡಲ್ಸಿಯ ಜೀವ, ಅವಳ ಲಾರಿ. ಹೋದದ್ದು ಟ್ರೇಲರಿನಲ್ಲಿ ತುಳಿತಕ್ಕೆ ಸಿಕ್ಕ ನಾಲ್ಕು ಹೋರಿ, ನನ್ನ ಎರಡು ಹಲ್ಲು, ಅವಳ ಎಡಗೈಯ ಎರಡು ಬೆರಳು. ಹಲ್ಲು ಕಟ್ಟಿಸಿಕೊಂಡೆ. ಬೆರಳನ್ನು ಯಾವ ಶೆಡ್ಡಿನಲ್ಲೂ ಕೂರಿಸುವುದಿಲ್ಲ.