ಈ ವಿಳಾಸ ಯಾರದು?

ಮೂರು ತಿಂಗಳು ಅಲೆದ ಮೇಲೆ ನನ್ನ ಆನ್‌ಲೈನ್ ಸೆಂಟರಿಗೆ ಭಾಗ್ಯನಗರದಲ್ಲಿ ಸಿಕ್ಕಿದ್ದು ಅದೊಂದೇ ಖೋಲಿ. ಹಿಂದೆ ಅಲ್ಲಿ ಮಗ್ಗಗಳಿದ್ದವಂತೆ. ಮೇ ತಿಂಗಳ ಮಧ್ಯಾಹ್ನ, ಇದ್ದ ಒಂದೇ ಕಂಪ್ಯೂಟರನ್ನು ನೆಟ್‌ವರ್ಕಿಗೆ ಜೋಡಿಸಿದೆ. ನೆಟ್‌ವರ್ಕಿನ ಹೊಸ ಪದ್ಧತಿಯಲ್ಲಿ ಯಂತ್ರ ತನ್ನ ವಿಳಾಸವನ್ನು, ಅಂದರೆ ತನ್ನ ಗುರುತಿನ ಸಂಖ್ಯೆಯನ್ನು, ತಾನೇ ಕಟ್ಟಿಕೊಂಡು, 'ಇದು ಯಾರದಾದರೂ ಇದೆಯೇ?' ಎಂದು ಅದೇ ಜಾಲದ ಉಳಿದ ಯಂತ್ರಗಳನ್ನು ಕೇಳುತ್ತದೆ. ಯಾರೂ ಉತ್ತರಿಸದಿದ್ದರೆ ವಿಳಾಸ ಅದರದೇ. ಅಲ್ಲಿ ಮೌನವೇ ಒಪ್ಪಿಗೆ.

ಆದರೆ ಉತ್ತರ ಬಂತು: 'ನನ್ನದು.' ವಿಳಾಸ ಬದಲಿಸಿದೆ. ಮತ್ತೆ ಅದೇ ಉತ್ತರ. ಪ್ರತಿ ಸಲವೂ ಕಾಲಡಿಯ ಹಾಸುಗಲ್ಲು ಇನ್ನಷ್ಟು ತಣ್ಣಗಾಗುತ್ತಿತ್ತು.

ಲೈನ್ ಹಾಕಲು ಬಂದಿದ್ದ ದುರಗೇಶ ಹೊರಗಿನ ವೈರನ್ನೇ ಕಿತ್ತ. ಆಗಲೂ ಉತ್ತರ ಬಂತು.

"ಅಕ್ಕಾರ, ಖೋಲಿ ಬಿಟ್ಟುಬಿಡ್ರಿ. ಇಲ್ಲಿ ಮೊದಲ ಯಾರೋ ಅದಾರ."

"ಇರ್ಲಿ ಬಿಡೋ. ಬಾಡಿಗಿ ಪತ್ರದಾಗ ನನ್ನ ಹೆಸರೈತಿ, ಅವರದಿಲ್ಲ."

ಖಾಲಿ ಗೋಡೆಯತ್ತ ತಿರುಗಿ ಕೂಗಿದೆ: "ನೀವೂ ಇರ್ರಿ. ನಾನಂತೂ ಹೋಗಾಕಿ ಅಲ್ಲ!"

ಮತ್ತೊಮ್ಮೆ ಗುಂಡಿ ಒತ್ತಿದೆ. ಯಾರೂ ಉತ್ತರಿಸಲಿಲ್ಲ. ವಿಳಾಸ ನನ್ನದಾಯಿತು.

ಈಗ ಎರಡು ವರ್ಷವಾಯಿತು. ದಿನಾ ಮಧ್ಯಾಹ್ನ ಅದೇ ಹೊತ್ತಿಗೆ, ಆ ಖೋಲಿಯೊಳಗಿಂದಲೇ ಯಾರೋ ನನ್ನ ವಿಳಾಸವನ್ನು ಹೆಸರಿಸಿ, 'ಇದು ಯಾರದಾದರೂ ಇದೆಯೇ?' ಎಂದು ಕೇಳುತ್ತಾರೆ. ನನ್ನ ಕಂಪ್ಯೂಟರ್ 'ನನ್ನದು' ಎನ್ನದೆ ಒಂದು ದಿನವೂ ಸುಮ್ಮನಿದ್ದಿಲ್ಲ.